ಅಗ್ನಿಶಾಮಕ ಠಾಣೆ ಬಾಂಡ್ ಮಸೂದೆಗೆ ಕಾಯಬೇಕೇ?

ಮಾನ್ಯರೇ,

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಠಾಣೆಗಳೆರಡನ್ನೂ ಒಳಗೊಂಡ ಸುರಕ್ಷತಾ ಕಟ್ಟಡಕ್ಕಾಗಿ ಸಣ್ಣ ನಗರಗಳು ರಾಜ್ಯವು ಬಾಂಡ್ (ಸಾಲಪತ್ರ) ಮಾರಿ ಎತ್ತುವ ಹಣಕ್ಕೆ ವರ್ಷಗಟ್ಟಲೆ ಕಾಯಬೇಕಾಗಿರುವುದು ಸರಿಯಲ್ಲ. ಇಂಥ ಸಾಲಕ್ಕೆ ಒಪ್ಪಿಗೆ ಕೊಡುವ ಬಾಂಡ್ ಮಸೂದೆಗೆ ಶಾಸನಸಭೆಯ ಎರಡೂ ಸದನಗಳಲ್ಲಿ ಐದನೇ ಮೂರರಷ್ಟು ಮತ ಬೇಕೆಂದು ರಾಜ್ಯದ ಸಂವಿಧಾನವೇ ವಿಧಿಸಿದೆ. 134 ಸದಸ್ಯರ ಕೆಳಮನೆಯಲ್ಲಿ 81 ಮತ ಕೂಡಿಸುವುದು ಒಂದೇ ಪಕ್ಷದಿಂದ ಆಗುವ ಮಾತಲ್ಲ. 2024ರ ಅಧಿವೇಶನ ಈ ಮಸೂದೆಯಿಲ್ಲದೆಯೇ ಮುಗಿಯಿತು. 2025ರಲ್ಲಿ ಒಪ್ಪಿಗೆಯಾದ ಸುಮಾರು 70 ಕೋಟಿ ಡಾಲರಿನಲ್ಲಿ ರಸ್ತೆ, ಕುಡಿಯುವ ನೀರು, ಕಾಲೇಜು ಕಟ್ಟಡಗಳಿಗೂ ಪಾಲು ಸಲ್ಲಬೇಕಿತ್ತು.

ಕಾಯುವಿಕೆಯ ಹೊರೆ ಬೀಳುವುದು ಸಿಬ್ಬಂದಿಯ ಮೇಲೆ. ಹಳೆಯ ಠಾಣೆಗಳಲ್ಲಿ ಬೆಂಕಿ ನಂದಿಸಿ ಬಂದವರ ಮಸಿ ಮೆತ್ತಿದ ಕೋಟು, ಹೆಲ್ಮೆಟ್‌ಗಳನ್ನು ವಾಹನದ ಡೀಸೆಲ್ ಹೊಗೆ ತುಂಬುವ ಜಾಗದಲ್ಲೇ ತೂಗುಹಾಕಬೇಕಾಗುತ್ತದೆ. ಅಗ್ನಿಶಾಮಕ ವೃತ್ತಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲೇ ವರ್ಗೀಕರಿಸಿದೆ. ಸಣ್ಣ ಊರುಗಳಲ್ಲಿ ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು, ಬೇರೆ ಉದ್ಯೋಗ ಮಾಡಿಕೊಂಡು ಕರೆ ಬಂದಾಗ ಓಡಿಬರುವ ಸ್ವಯಂಸೇವಕರು ಎಂಬುದನ್ನು ಶಾಸಕರು ಮರೆತಂತಿದೆ. ಯೋಜನಾ ವೆಚ್ಚದ ಅರ್ಧದಷ್ಟನ್ನು ನಗರವೇ ಭರಿಸಬೇಕೆಂಬ ಸಾಮಾನ್ಯ ನಿಯಮವೂ, ಆಸ್ತಿ ತೆರಿಗೆಯ ಆದಾಯ ಕಡಿಮೆಯಿರುವ ಊರುಗಳಿಗೆ ದುಬಾರಿ.

ಆದ್ದರಿಂದ ಸುರಕ್ಷತಾ ಕಟ್ಟಡಗಳಿಗೆಂದೇ ರಾಜ್ಯ ಸರ್ಕಾರವು ಬಜೆಟ್‌ನಲ್ಲಿ ಪ್ರತ್ಯೇಕ ನಿಧಿಯಿಟ್ಟು, ಕಟ್ಟಡದ ಸ್ಥಿತಿ ಹಾಗೂ ನಗರದ ತೆರಿಗೆ ಸಾಮರ್ಥ್ಯವನ್ನು ಅಳೆದು ಅನುದಾನ ಹಂಚಲಿ. ಬಡ ನಗರಗಳ ಪಾಲನ್ನು ಅರ್ಧಕ್ಕಿಂತ ಕಡಿಮೆ ಮಾಡಲಿ.

– ಒಬ್ಬ ಓದುಗ, ಮಿನೆಸೋಟ