ಅವೆನ್ಯೂ ರಸ್ತೆಯ ಬೈಂಡಿಂಗ್ ಅಂಗಡಿಯ ಅಣ್ಣನಿಗೆ

ನಾನು ಇತಿಹಾಸದ ಮೇಷ್ಟ್ರು. ಬೆಂಗಳೂರಿಗೆ ಯಾರು, ಯಾಕೆ ವಲಸೆ ಬಂದರು ಅನ್ನೋದರ ಹಿಂದೆಯೇ ನನ್ನ ಸರ್ವೀಸ್ ಕಳೆದಿದೆ. 1809ರಲ್ಲಿ ಬ್ರಿಟಿಷರ ದಂಡು ನೆಲೆಯೂರಿದ ಮೇಲೆ ತಮಿಳು ಮಾತಾಡುವ ಎಷ್ಟೋ ಕುಟುಂಬಗಳು ಬಂದವು. 1898ರಲ್ಲಿ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟು ಹೊಸ ಬಡಾವಣೆಗಳತ್ತ ಜನ ಹೊರಟರು. ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು ಹಾಗೆ. ಇದನ್ನೆಲ್ಲ ಇಂಕ್ ಪೆನ್ನಲ್ಲಿ ಬರೆದಿಟ್ಟ ಹಾಳೆಗಳು ಮೊನ್ನೆಯ ಮಳೆಗೆ ಚೀಲದೊಳಗೇ ತೊಯ್ದು ತೊಪ್ಪೆಯಾದವು. ಬೆಳಗಾದರೆ ಉಪನ್ಯಾಸ ಬೇರೆ.

ನೀವು ಶಟರ್ ಅರ್ಧ ಎಳೆದಿದ್ದಿರಿ. ನನ್ನ ಮುಖ ನೋಡಿ ಮತ್ತೆ ಎತ್ತಿದಿರಿ. "ಒರೆಸ್ಬೇಡಿ ಸಾರ್, ಇಂಕು ಹರಡುತ್ತೆ" ಅಂದಿರಿ. ಒಂದೊಂದೇ ಹಾಳೆಯನ್ನು ಉಗುರಿನ ತುದಿಯಲ್ಲಿ ಬಿಡಿಸಿ, ನಡುವೆ ಖಾಲಿ ಕಾಗದ ಇಟ್ಟು, ಮೇಲೆ ಮೆಲ್ಲಗೆ ಅಂಗೈ ಒತ್ತಿದಿರಿ. ಕಾಗದ ಒದ್ದೆಯಾದರೆ ತೆಗೆದು ಬೇರೆಯದು. ನಿಮ್ಮ ಫ್ಯಾನನ್ನೂ ನನ್ನ ಹಾಳೆಗಳ ಕಡೆಗೇ ತಿರುಗಿಸಿದಿರಿ. ಅಕ್ಷರ ಉಳಿದಿದ್ದು ಕಂಡಾಗಲೇ ನಾನು ಸ್ಟೂಲಿನ ಮೇಲೆ ಕೂತಿದ್ದು.

"ನಮ್ ತಾತನೂ ಸೇಲಂ ಕಡೆಯಿಂದ ಬಂದೋರು. ಇದರಲ್ಲಿ ಅಂಥೋರ ಸುದ್ದಿ ಇದೆಯಾ?" ಅಂತ ಕೇಳಿದಿರಿ, ಕೈ ನಿಲ್ಲಿಸದೆ. ಕೊನೆಗೆ ಕಾಗದದ ದುಡ್ಡು ಮಾತ್ರ ತಗೊಂಡಿರಿ.

ಉಪನ್ಯಾಸ ಚೆನ್ನಾಗಿ ಆಯ್ತು. ತುಂಬಾ ಥ್ಯಾಂಕ್ಸ್ ಅಣ್ಣಾ. ನಿಮ್ಮ ತಾತನ ಕತೆ ಬರೆದುಕೊಳ್ಳೋಕೆ ಬರ್ತೀನಿ, ಕಾಫಿ ನನ್ನದು.