ಮಾರಿಸ್ ಮೈನರ್‌ಗೆ ಕೂರಿಸಿದ ಒಂದೂವರೆ ಇಂಚಿನ ಕಾರ್ಬುರೇಟರ್ ಕಿಟ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಳೆ ಕಾರುಗಳ ಬಿಡಿಭಾಗ ಮತ್ತು ಟ್ಯೂನಿಂಗ್ ವಿಭಾಗ,
ಬೆಂಗಳೂರು.

ವಿಷಯ: 1959ರ ಮಾರಿಸ್ ಮೈನರ್ 1000, 948 ಸಿಸಿ. ನೀವು ಮಾರಿ, ನಿಮ್ಮ ಗ್ಯಾರೇಜಿನಲ್ಲೇ ಕೂರಿಸಿಕೊಟ್ಟ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಅಲ್ಯೂಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್, ಏರ್ ಫಿಲ್ಟರ್ ಮತ್ತು ಪೆಟ್ರೋಲ್ ಪಂಪ್‌ನಲ್ಲಿರುವ ದೋಷಗಳು.

ಮಾನ್ಯರೇ,

ಮೊದಲು ಅಪಾಯದ ಮಾತು. ಗಾಡಿಯ ಬ್ಯಾಟರಿ ಟರ್ಮಿನಲ್ ಕಳಚಿಟ್ಟಿದ್ದೇವೆ. ನೀವು ಹಾಕಿದ ಪಂಪ್ ಇರುವವರೆಗೂ ಸ್ಟಾರ್ಟ್ ಮಾಡುವುದಿಲ್ಲ. ಕೀ ತಿರುಗಿಸಿದ ಅರ್ಧ ನಿಮಿಷಕ್ಕೆ ಫ್ಲೋಟ್ ಚೇಂಬರಿನ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನ) ಓವರ್‌ಫ್ಲೋ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಈ ಇಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಿಗೆ, ಒಂದರ ಮೇಲೊಂದು ಇವೆ. ತೊಟ್ಟಿಕ್ಕಿದ್ದು ಬೀಳುವುದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಇದು ಹೊತ್ತಿಕೊಂಡರೆ ಒಳಗಿದ್ದವರ ಗತಿಯೇನು ಎಂದು ದಯವಿಟ್ಟು ಯೋಚಿಸಿ.

ಕಾರಣ ಸ್ಪಷ್ಟ. ಮೂಲ ಎಸ್‌ಯು ಪಂಪ್ ತೆಗೆದು, "ಎಲ್ಲ ಕಾರಿಗೂ ಆಗುತ್ತೆ" ಎಂದು ಹೊಸ ಎಲೆಕ್ಟ್ರಿಕ್ ಪಂಪ್ ಹಾಕಿದ್ದೀರಿ. ಗೇಜ್ ಕಟ್ಟಿ ನೋಡಿದರೆ ಅದರ ಒತ್ತಡ ನಾಲ್ಕೂವರೆ ಪಿಎಸ್‌ಐ. ಎಸ್‌ಯು ಫ್ಲೋಟ್ ವಾಲ್ವ್ ಮೂರು ದಾಟಿದರೆ ತಡೆಯುವುದಿಲ್ಲ. ಅದಕ್ಕೆ ಎರಡು, ಎರಡೂವರೆ ಧಾರಾಳ ಸಾಕು. ರೆಗ್ಯುಲೇಟರ್ ಹಾಕಿಲ್ಲ. ಓವರ್‌ಫ್ಲೋಗೆ ಪೈಪ್ ಸಿಕ್ಕಿಸಿ ಎಕ್ಸಾಸ್ಟಿನಿಂದ ದೂರಕ್ಕೆ, ಕೆಳಕ್ಕೆ ಬಿಟ್ಟಿಲ್ಲ. ಫ್ಲೋಟ್ ಮಟ್ಟವನ್ನೂ ನೋಡಿಲ್ಲ: ಮುಚ್ಚಳ ತಲೆಕೆಳಗಾಗಿ ಹಿಡಿದಾಗ ಫ್ಲೋಟಿಗೂ ಮುಚ್ಚಳಕ್ಕೂ ನಡುವೆ 3 ಮಿ.ಮೀ. ಕಡ್ಡಿ ತೂರಬೇಕು, ಇಲ್ಲಿ ಅದು ತೂರುವಷ್ಟೂ ಜಾಗವಿಲ್ಲ.

ನೀವು ವಾಪಸ್ ಕೊಟ್ಟಿದ್ದ ಹಳೆ ಪಂಪನ್ನೇ ತಾತ್ಕಾಲಿಕವಾಗಿ ಜೋಡಿಸಿ ಉಳಿದದ್ದನ್ನು ಪರೀಕ್ಷಿಸಿದೆವು.

ಐಡ್ಲಿಂಗ್ 1,200 ಆರ್‌ಪಿಎಂಗಿಂತ ಕೆಳಗೆ ಇಳಿಯಲೊಲ್ಲದು, ಮೇಲೆ ಕೆಳಗೆ ತೂಗಾಡುತ್ತದೆ. ಪ್ಲಗ್ ಬಿಚ್ಚಿದರೆ 1, 2ನೇ ಸಿಲಿಂಡರಿನವು ಮಸಿ ಹಿಡಿದು ಕಪ್ಪು, 3, 4ನೆಯವು ಸುಣ್ಣದಂತೆ ಬಿಳಿ. ಕಪ್ಪು ಅಂದರೆ ಪೆಟ್ರೋಲ್ ಹೆಚ್ಚು, ಬಿಳಿ ಅಂದರೆ ಗಾಳಿ ಹೆಚ್ಚು. ಈ ಕಾರಿನ ಎ-ಸೀರೀಸ್ ಇಂಜಿನ್ನಿನ ಹೆಡ್ಡಿನಲ್ಲಿ ಇನ್‌ಟೇಕ್ ಪೋರ್ಟ್ ಇರುವುದು ಎರಡೇ, ಎರಡೆರಡು ಸಿಲಿಂಡರಿಗೆ ಒಂದೊಂದು. ಹಾಗಾಗಿ ಹಿಂದಿನ ಜೋಡಿ (3, 4) ಮಾತ್ರ ಬೆಳ್ಳಗಾಗಿದ್ದರೆ ಹಿಂದಿನ ಪೋರ್ಟಿನ ಹತ್ತಿರ ಗಾಳಿ ಎಳೆಯುತ್ತಿದೆ ಎಂದರ್ಥ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಅಲ್ಲಿಗೆ ನೀರು ಚಿಮುಕಿಸಿದ ತಕ್ಷಣ ಇಂಜಿನ್ ಸದ್ದು ಬದಲಾಯಿತು. ಮ್ಯಾನಿಫೋಲ್ಡ್ ಸ್ಟಡ್ಡಿನ ದಪ್ಪ ವಾಷರ್ ಇನ್‌ಟೇಕ್ ಫ್ಲಾಂಜನ್ನೂ ಎಕ್ಸಾಸ್ಟ್ ಫ್ಲಾಂಜನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ನಿಮ್ಮ ಹೊಸ ಇನ್‌ಟೇಕ್ ಫ್ಲಾಂಜ್, ಎಕ್ಸಾಸ್ಟಿನದ್ದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು ತೆಳ್ಳಗಿದೆ. ವಾಷರ್ ಓರೆಯಾಗಿ ಕೂತು ಎಕ್ಸಾಸ್ಟನ್ನು ಮಾತ್ರ ಕಚ್ಚಿದೆ, ಇನ್‌ಟೇಕ್ ಸಡಿಲ. ನಟ್ ಎಷ್ಟು ಬಿಗಿದರೂ ಇದು ಸರಿಹೋಗದು, ಸ್ಟಡ್ ಕಿತ್ತು ಬರುತ್ತದೆ ಅಷ್ಟೇ. ಲೇತಿನಲ್ಲಿ ಮೆಟ್ಟಿಲು ಕೊಟ್ಟ ವಾಷರ್ ಮಾಡಿಸಬೇಕು, ಇಲ್ಲವೇ ದಪ್ಪಗಿರುವ ಫ್ಲಾಂಜನ್ನು ಮಿಲ್ಲಿಂಗ್ ಮಾಡಿಸಿ ಎರಡನ್ನೂ ಸಮ ಮಾಡಬೇಕು. ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿ 15 ಪೌಂಡ್-ಅಡಿಗೆ ಬಿಗಿಯಬೇಕು. ಜೆ.ಸಿ. ರಸ್ತೆಯ ಯಾವ ಲೇತ್ ಅಂಗಡಿಯವರಾದರೂ ಒಂದೇ ದಿನದಲ್ಲಿ ಮುಗಿಸಿಕೊಡುವ ಕೆಲಸ.

ಅದನ್ನು ಬಿಟ್ಟು ನಿಮ್ಮ ಮೆಕ್ಯಾನಿಕ್ ಮಾಡಿದ್ದೇನೆಂದರೆ, ಗಾಳಿ ಸೋರಿಕೆಯನ್ನು ಪೆಟ್ರೋಲಿನಿಂದ ಮುಚ್ಚಲು ಹೊರಟಿದ್ದು. ಜೆಟ್ (ಪೆಟ್ರೋಲ್ ಹೊರಬರುವ ರಂಧ್ರ) ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಲ್ಲಿಂದ ಹನ್ನೆರಡು ಫ್ಲಾಟ್ (ನಟ್ಟಿನ ಆರು ಮುಖಗಳಲ್ಲಿ ಒಂದೊಂದು ಒಂದು ಫ್ಲಾಟ್), ಅಂದರೆ ಎರಡು ಸುತ್ತು ಇಳಿಸಿ ಶುರು ಮಾಡುವುದು ಪದ್ಧತಿ. ಇಳಿಸಿದಷ್ಟೂ ಪೆಟ್ರೋಲ್ ಹೆಚ್ಚು. ಇದು ಇಪ್ಪತ್ತೊಂದು ಫ್ಲಾಟ್ ಇಳಿದಿತ್ತು. ಮುಂದಿನ ಎರಡು ಪ್ಲಗ್ ಮಸಿಯಾಗಿದ್ದು ಅದರಿಂದಲೇ.

3,000 ಆರ್‌ಪಿಎಂ ದಾಟಿದರೆ ಇಂಜಿನ್ನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ನಮ್ಮ ಮಟ್ಟಿಗೆ ಹೆಚ್ಚು ಬೇಸರ ತಂದದ್ದು ಇದೇ, ಯಾಕೆಂದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಏರ್ ಫಿಲ್ಟರ್ ಕೂರುವ ಫ್ಲಾಂಜಿನಲ್ಲಿ ಎರಡು ಸಣ್ಣ ತೂತುಗಳಿವೆ. ಕಾರ್ಬುರೇಟರಿನೊಳಗೆ ಏರಿಳಿಯುವ ಪಿಸ್ಟನ್ನಿನ ಅಡಿಭಾಗಕ್ಕೆ ಹೊರಗಿನ ಗಾಳಿಯ ಒತ್ತಡ ಮುಟ್ಟುವುದು ಆ ದಾರಿಯಿಂದ. ಮೇಲೆ ಡ್ಯಾಶ್‌ಪಾಟಿನೊಳಗೆ (ಆ ಪಿಸ್ಟನ್ ಏಳುವ ಗುಮ್ಮಟದೊಳಗೆ) ಒತ್ತಡ ಕಡಿಮೆ, ಕೆಳಗೆ ಹೆಚ್ಚು ಇದ್ದರೆ ತಾನೇ ಪಿಸ್ಟನ್ ಏಳುವುದು? ಗ್ಯಾಸ್ಕೆಟನ್ನು ತಲೆಕೆಳಗೆ ಹಾಕಿ ಎರಡನ್ನೂ ಮುಚ್ಚಿದ್ದೀರಿ. ತಿರುಗಿಸಿ ಹಾಕಿದ ಕೂಡಲೇ ಪಿಕಪ್ ಬಂತು.

ಡ್ಯಾಶ್‌ಪಾಟಿನಲ್ಲಿ ಎಣ್ಣೆ ಒಂದು ಹನಿಯೂ ಇರಲಿಲ್ಲ. 20 ಗ್ರೇಡಿನ ಎಣ್ಣೆ, ಪಿಸ್ಟನ್ನಿನ ಟೊಳ್ಳು ಕಡ್ಡಿಯ ತುದಿಗಿಂತ ಅರ್ಧ ಇಂಚು ಮೇಲಿನವರೆಗೆ ಇರಬೇಕು. ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದೊಡನೆ ಪಿಸ್ಟನ್ ನೆಗೆದು ಮಿಶ್ರಣ ತೆಳುವಾಗಿ ಗಾಡಿ ಮುಗ್ಗರಿಸುತ್ತದೆ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವಿನ ಶಾಖ ತಡೆಯುವ ಬ್ಲಾಕ್ ಇಲ್ಲ, ಹೀಟ್ ಶೀಲ್ಡ್ ಇಲ್ಲ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಜೋಡಿಸದೆ ಹಾಗೇ ಬಿಟ್ಟಿದ್ದೀರಿ. ಪೆಡಲ್ ಪೂರ್ತಿ ಒತ್ತಿದರೂ ಥ್ರಾಟಲ್ ಮುಕ್ಕಾಲು ಮಾತ್ರ ತೆರೆಯುತ್ತದೆ.

ಇನ್ನು ನೀಡಲ್, ಅಂದರೆ ಪಿಸ್ಟನ್ನಿನ ಜೊತೆ ಏಳುತ್ತಾ ಜೆಟ್ಟಿನಿಂದ ಎಷ್ಟು ಪೆಟ್ರೋಲ್ ಬರಬೇಕೆಂದು ನಿರ್ಧರಿಸುವ ಮೊನಚು ಕಡ್ಡಿ. ಬಿಲ್ಲಿನಲ್ಲಿ "ಟ್ಯೂನ್ ಮಾಡಿ ಕೊಟ್ಟಿದೆ" ಎಂದಿದೆ. ಕಿಟ್ ಜೊತೆ ಬಂದ ನೀಡಲ್ ಸಮುದ್ರಮಟ್ಟದ ಗಾಳಿ, ಎಥನಾಲ್ ಇಲ್ಲದ ಪೆಟ್ರೋಲ್ ಲೆಕ್ಕಕ್ಕೆ ಆರಿಸಿದ್ದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹತ್ತರಲ್ಲೊಂದು ಪಾಲು ತೆಳು, ಅದರಿಂದ ಮಿಶ್ರಣ ಸ್ವಲ್ಪ ಗಟ್ಟಿಯಾಗುತ್ತದೆ ನಿಜ. ಆದರೆ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಅದಕ್ಕೆ ಚಾಲನೆ ಕೊಟ್ಟದ್ದೂ ಇದೇ ಊರಿನಲ್ಲಿ. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅಷ್ಟೇ ಗಾಳಿಗೆ ಶೇಕಡಾ 7–8ರಷ್ಟು ಹೆಚ್ಚು ಇಂಧನ ಬೇಕು. ಎತ್ತರದಿಂದ ಸಿಕ್ಕ ಲಾಭ ಇದನ್ನು ಪೂರ್ತಿ ತುಂಬುವುದಿಲ್ಲ. ಸೋರಿಕೆಗೆ ತಾತ್ಕಾಲಿಕ ವಾಷರ್ ಕೊಟ್ಟು, ಜೆಟ್ಟನ್ನು ಲಿಫ್ಟಿಂಗ್ ಪಿನ್ ಪರೀಕ್ಷೆಗೆ (ಪಿಸ್ಟನ್ ತುಸು ಎತ್ತಿ ಇಂಜಿನ್ ವೇಗ ಹೇಗೆ ಬದಲಾಗುತ್ತದೆಂದು ನೋಡುವುದು) ಸರಿ ಮಾಡಿ ಓಡಿಸಿದಾಗ, ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ನಾಲ್ಕೂ ಪ್ಲಗ್ ಬಿಳಿಚಿಕೊಂಡವು. ನಟ್ ತಿರುಗಿಸಿ ಇದನ್ನು ಸರಿಪಡಿಸಹೋದರೆ ಐಡ್ಲಿಂಗ್ ಕೆಡುತ್ತದೆ. ತುದಿಯ ಕಡೆ ಇನ್ನಷ್ಟು ಸಣ್ಣಗಿರುವ ನೀಡಲ್ ಬೇಕು, ಅದರ ಭುಜ ಪಿಸ್ಟನ್ನಿನ ಅಡಿಗೆ ಸಮನಾಗಿ ಕೂರಬೇಕು. ನೀವು ಹಾಕಿದ ಮಾಮೂಲಿ ರಬ್ಬರ್ ಹೋಸ್ ಕೂಡ ಎಥನಾಲಿಗೆ ಬೇಗ ಬಿರಿಯುತ್ತದೆ. ಎಸ್‌ಎಇ ಜೆ30 ಆರ್9 ದರ್ಜೆಯದ್ದು ಬೇಕು.

ಕಾರ್ಬುರೇಟರ್ ಮಾತ್ರ ಚೆನ್ನಾಗಿದೆ, ಅದನ್ನೂ ಹೇಳಬೇಕು. ಸ್ಪಿಂಡಲ್ ಅಲ್ಲಾಡುವುದಿಲ್ಲ. ಡ್ಯಾಶ್‌ಪಾಟ್ ಪಿಸ್ಟನ್ನಿನಿಂದ ಜಾರಿ ಬೀಳಲು ಎಷ್ಟು ಹೊತ್ತೆಂದು ನೋಡುವ ಪರೀಕ್ಷೆಯಲ್ಲಿ ಆರು ಸೆಕೆಂಡ್ ಬಂತು. ಐದರಿಂದ ಏಳು ಇರಬೇಕು. ಒಳ್ಳೆಯ ಸಾಮಾನನ್ನು ಹೀಗೆ ಕೂರಿಸಿದ್ದೀರಲ್ಲ ಎಂಬುದೇ ನಮ್ಮ ದುಃಖ.

ನಮ್ಮ ಬೇಡಿಕೆ: ಪಂಪ್ ವಾಪಸ್ ತೆಗೆದುಕೊಂಡು ಅದರ ಹಣ ಹಿಂತಿರುಗಿಸಿ. ವಾಷರ್, ಗ್ಯಾಸ್ಕೆಟ್, ಬ್ಲಾಕ್, ಶೀಲ್ಡ್, ಹೋಸ್, ಸರಿಯಾದ ನೀಡಲ್ ನಿಮ್ಮ ಖರ್ಚಿನಲ್ಲೇ ಹಾಕಿ, ಥ್ರಾಟಲ್ ಮತ್ತು ವ್ಯಾಕ್ಯೂಮ್ ಪೈಪ್ ಸರಿಪಡಿಸಿ. ಟ್ಯೂನಿಂಗಿಗೆ ಮುಂಚೆ ಟ್ಯಾಪೆಟ್ ಸಂದು 0.012 ಇಂಚಿಗೆ ಇದೆಯೇ ನೋಡಿ. ಟ್ಯೂನಿಂಗ್ ಆದಮೇಲೆ ಏರಿನಲ್ಲಿ ಓಡಿಸಿ, ನಾಲ್ಕೂ ಪ್ಲಗ್ ನಮ್ಮೆದುರೇ ಬಿಚ್ಚಿ ತೋರಿಸಿ. ಗಾಡಿಯನ್ನು ಟೋ ಮಾಡಿಸಿಯೇ ಒಯ್ಯಬೇಕು, ಓಡಿಸಿಕೊಂಡು ಹೋಗಲು ಬಿಡುವುದಿಲ್ಲ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆ. ನೀವು ಬಂದು ನೋಡಲೆಂದು ಪ್ರತಿಯೊಂದನ್ನೂ ನೀವು ಕೂರಿಸಿದ್ದಂತೆಯೇ ಮತ್ತೆ ಜೋಡಿಸಿ ಇಟ್ಟಿದ್ದೇವೆ, ಮುಚ್ಚಿದ ಆ ಎರಡು ತೂತುಗಳೂ ಸೇರಿ. ಗೇಜಿನ ಮತ್ತು ಪ್ಲಗ್‌ಗಳ ಫೋಟೊ, ಬಿಲ್ಲಿನ ಪ್ರತಿ ಇದರೊಂದಿಗಿವೆ.

ಇಂತಿ ತಮ್ಮ ವಿಶ್ವಾಸಿಗಳು,
ಗಾಡಿಯ ಮಾಲೀಕರು,
ಬಸವನಗುಡಿ, ಬೆಂಗಳೂರು