ಬೇಸ್‌ಬಾಲ್ ಅಂಗಳದಲ್ಲಿ ಓವರ್ ಲೆಕ್ಕ ನಡೆಯದು

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಮತ್ತು ಬೇಸ್‌ಬಾಲ್ ಎರಡೂ ಮರಳುತ್ತಿರುವ ಕುರಿತು ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಈ ಎರಡು ಆಟಗಳಿಗೂ 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲೇ ಒಪ್ಪಿಗೆ ದೊರೆಯಿತೆಂಬುದನ್ನು ಲೇಖಕರು ನೆನಪಿಸಿದ್ದು ಉಚಿತವಾಗಿದೆ. ಆದರೆ ಎಸೆಯಲು, ಹಿಡಿಯಲು, ಹೊಡೆಯಲು ಬಲ್ಲ ಕ್ರಿಕೆಟಿಗನಿಗೆ ಬೇಸ್‌ಬಾಲ್ ನಾಲ್ಕು ದಿನದಲ್ಲಿ ಒಲಿಯುತ್ತದೆ ಎಂಬ ಧಾಟಿ ಆ ಬರಹದುದ್ದಕ್ಕೂ ಇದೆ. ಹೊರದೇಶದಲ್ಲಿ ನೆಲೆಸಿ, ಅಲ್ಲಿನ ಒಂದು ಸಣ್ಣ ಕ್ಲಬ್‌ನಲ್ಲಿ ಹನ್ನೊಂದು ವರ್ಷ ಆಡಿ, ಅದರಲ್ಲಿ ಆರು ವರ್ಷ ಮಕ್ಕಳ ತಂಡಕ್ಕೆ ತರಬೇತಿಯನ್ನೂ ಕೊಟ್ಟವನಾಗಿ ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪಬಲ್ಲೆ. ಕ್ರಿಕೆಟ್ ನಮ್ಮನ್ನು ಕ್ಲಬ್ಬಿನ ಬಾಗಿಲು ದಾಟಿಸುತ್ತದೆ, ನಿಜ. ಮಕ್ಕಳಿಗೆ ಕಲಿಸಲು ನಿಂತಾಗ ಅದೇ ಕ್ರಿಕೆಟ್ ನಮ್ಮ ದಾರಿ ತಪ್ಪಿಸುತ್ತದೆ.

ಒಪ್ಪುವ ಅರ್ಧವನ್ನು ಮೊದಲು ಹೇಳುತ್ತೇನೆ. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ ತೂಗುತ್ತದೆ. ಅಂದರೆ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಗಾತ್ರದಲ್ಲಿ ಕೂದಲೆಳೆಯಷ್ಟು ದೊಡ್ಡದು. ಬರಿಗೈಯಲ್ಲಿ ಕ್ಯಾಚ್ ಹಿಡಿದು ಬೆಳೆದವರಿಗೆ ಎತ್ತರಕ್ಕೆ ಹಾರಿದ ಚೆಂಡಿನ ಕೆಳಗೆ ಓಡಿ ನಿಲ್ಲುವುದು ಹೊಸ ವಿದ್ಯೆಯೇನಲ್ಲ. ನಾನು ಮೊದಲ ದಿನ ಗ್ಲೌಸ್ ತೊಟ್ಟ ಎಡಗೈಯನ್ನು ಮರೆತು ಎರಡೂ ಅಂಗೈ ಜೋಡಿಸಿ ಚೆಂಡು ಹಿಡಿದಾಗ ಜೊತೆಗಾರರು ಚಪ್ಪಾಳೆ ತಟ್ಟಿದರು, ಆಮೇಲೆ ಬೆರಳು ಮುರಿದುಕೊಳ್ಳಬೇಡವೆಂದು ಬೈದರು. ದೂರದ ಔಟ್‌ಫೀಲ್ಡ್‌ನಿಂದ ನೇರವಾಗಿ ಎಸೆಯಬಲ್ಲ ಕೈ ಯಾವ ಕ್ಲಬ್ಬಿಗೂ ಬೇಕಾದದ್ದೇ. ಆಡುವವರು ಕಡಿಮೆ ಇರುವ ದೇಶಗಳಲ್ಲಂತೂ ಆಟಗಾರರೇ ಬೆಳಗ್ಗೆ ಬಂದು ಸುಣ್ಣದ ಗೆರೆ ಎಳೆಯುತ್ತಾರೆ, ಓಡುವವರು ಮುಟ್ಟಬೇಕಾದ ಗುರುತುಗಳಾದ ಬೇಸ್‌ಗಳನ್ನು ಊರುತ್ತಾರೆ, ತಮ್ಮ ಪಂದ್ಯ ಇಲ್ಲದ ದಿನ ಇತರ ಪಂದ್ಯಗಳಿಗೆ ಅಂಪೈರ್ ಆಗಿಯೋ ಸ್ಕೋರರ್ ಆಗಿಯೋ ನಿಲ್ಲುತ್ತಾರೆ. ಅಲ್ಲಿ ಹೊಸಬನ ಪಾಸ್‌ಪೋರ್ಟ್ ಯಾವ ಬಣ್ಣದ್ದೆಂದು ನನ್ನನ್ನು ಯಾರೂ ಕೇಳಲಿಲ್ಲ. ಕುಂಟೆ ಹಿಡಿಯಲು ಬರುತ್ತದೆಯೇ ಎಂದು ಕೇಳಿದರು.

ಬ್ಯಾಟಿಂಗ್ ಬೇರೆಯೇ ಕಥೆ. ಮೊದಲ ಪಂದ್ಯದಲ್ಲಿ ಚೆಂಡು ಬ್ಯಾಟಿಗೆ ತಗುಲಿದ ಸಂತೋಷದಲ್ಲಿ ನಾನು ಬ್ಯಾಟನ್ನು ಕೈಯಲ್ಲೇ ಹಿಡಿದು ಮೊದಲ ಬೇಸ್‌ವರೆಗೆ ಓಡಿ, ಕೊನೆಗೆ ಅದನ್ನು ನೆಲಕ್ಕೆ ಚಾಚಿ ಬೇಸ್ ಮುಟ್ಟಿಸಿದೆ. ಎದುರು ತಂಡದವರೂ ನಕ್ಕರು. ನಗೆಪಾಟಲಾಗಿದ್ದು ಅಷ್ಟಕ್ಕೇ ಮುಗಿಯಲಿಲ್ಲ. ಲೆಗ್ ಗ್ಲಾನ್ಸ್, ಲೇಟ್ ಕಟ್ ಎಂದು ನಾವು ಹೆಮ್ಮೆಪಡುವ ಹೊಡೆತಗಳೆಲ್ಲ ಇಲ್ಲಿ ಫೌಲ್. ಬ್ಯಾಟರ್‌ನ ಮುಂದೆ ಹರಡಿಕೊಂಡ 90 ಡಿಗ್ರಿಯ ಕೋನದೊಳಗೆ ಹೋದ ಚೆಂಡಿಗೆ ಮಾತ್ರ ಬೆಲೆ. ಆ ಕೋನದೊಳಗೆ ಹೊಡೆದ ಮೇಲೆ ಓಡಲೇಬೇಕು, ಚೆಂಡನ್ನು ತಡೆದು ವಿಕೆಟ್ ಉಳಿಸಿಕೊಳ್ಳುವ ಸಹನೆಗೆ ಜಾಗವಿಲ್ಲ. ಚೆಂಡು ನೆಲಕ್ಕೆ ಪುಟಿಯದೆ ಬ್ಯಾಟರ್ ಪಕ್ಕದ ನೆಲದಲ್ಲಿ ಊರಿದ, 43 ಸೆಂಟಿಮೀಟರ್ ಅಗಲದ ಹೋಮ್ ಪ್ಲೇಟ್ ಎಂಬ ಫಲಕದ ಮೇಲೆ ಹಾದುಹೋಗುವುದರಿಂದ, ಪಿಚ್ ನೋಡಿ ಹೊಡೆತ ಆರಿಸುವ ನಮ್ಮ ಕಣ್ಣಿನ ಅಭ್ಯಾಸ ಸಂಪೂರ್ಣ ನಿರುಪಯೋಗಿ. ನೇರ ಬ್ಯಾಟಿನ ಶಿಸ್ತನ್ನು ಮರೆಯಲು ನನಗೆ ಎರಡು ಋತುಗಳು ಹಿಡಿದವು.

ಇವೆಲ್ಲ ಆಡುವವನ ವೈಯಕ್ತಿಕ ಪಾಡು, ಇದರಿಂದ ಬೇರೆ ಯಾರಿಗೂ ನಷ್ಟವಿಲ್ಲ. ನನ್ನ ಪತ್ರದ ಉದ್ದೇಶ ತರಬೇತಿಯ ವಿಷಯ. ಸಣ್ಣ ಕ್ಲಬ್‌ಗಳಲ್ಲಿ ಕೋಚ್ ಆಗುವುದು ಅರ್ಹತೆಯ ಪ್ರಶ್ನೆಗಿಂತ ಹೆಚ್ಚಾಗಿ ಬಿಡುವಿನ ಪ್ರಶ್ನೆ. ನನಗೆ ಶನಿವಾರ ಬಿಡುವಿತ್ತು, ಹಾಗಾಗಿ ಹನ್ನೆರಡು ವರ್ಷದೊಳಗಿನವರ ತಂಡ ನನ್ನ ಪಾಲಿಗೆ ಬಂತು. ಆ ದೇಶದ ಭಾಷೆ ನನ್ನ ಬಾಯಲ್ಲಿ ಇನ್ನೂ ತೊದಲುತ್ತಿತ್ತು, ಆದರೂ ಆತಂಕವಾಗಲಿಲ್ಲ. ಬೇಸ್‌ಬಾಲ್‌ನಲ್ಲಿ ಕೋಚ್ ಹೊರಗೆ ಕುರ್ಚಿಯಲ್ಲಿ ಕೂರುವವನಲ್ಲ; ಆಟಗಾರರದೇ ಸಮವಸ್ತ್ರ ತೊಟ್ಟು ಮೂರನೇ ಬೇಸ್ ಬದಿಯಲ್ಲಿ ಮೈದಾನದಲ್ಲೇ ನಿಂತು, ಓಡುತ್ತಿರುವ ಹುಡುಗನಿಗೆ ತೋಳು ಗಿರಗಿರನೆ ತಿರುಗಿಸಿದರೆ ಓಡು, ಎರಡೂ ಅಂಗೈ ಎತ್ತಿ ತೋರಿಸಿದರೆ ನಿಲ್ಲು ಎಂದು ಹೇಳುವವನು. ಟೋಪಿ ಮುಟ್ಟುವುದು, ಬೆಲ್ಟ್ ಮುಟ್ಟುವುದು, ಎದೆ ಸವರುವುದು, ಇವುಗಳಲ್ಲಿ ಯಾವುದರ ನಂತರ ಬಂದ ಸನ್ನೆ ನಿಜವಾದದ್ದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ವ್ಯಾಕರಣವಿಲ್ಲದ ಈ ಭಾಷೆಯಲ್ಲಿ ನಾನು ಬೇಗ ಪಳಗಿದೆ. ಹಾಗೆ ಪಳಗಿದ್ದೇ ನನಗೆ ಇಲ್ಲದ ಧೈರ್ಯವನ್ನು ತಂದಿತು ಎಂದು ಈಗ ಅನ್ನಿಸುತ್ತದೆ.

ಬ್ಯಾಟರ್‌ಗೆ ಚೆಂಡು ಎಸೆಯುವವನೇ ಪಿಚರ್; ಹೊಡೆಯಬಹುದಾದ ವ್ಯಾಪ್ತಿಯೊಳಗೆ, ಅಂದರೆ ಸ್ಟ್ರೈಕ್ ಎಸೆಯಬಲ್ಲ ಪಿಚರ್ ನಮ್ಮ ತಂಡದಲ್ಲಿ ಒಬ್ಬನೇ ಇದ್ದ, ಹನ್ನೆರಡು ವರ್ಷದ ಹುಡುಗ. ಒಂದು ಶನಿವಾರ ಅವನಿಂದ ಐದು ಇನಿಂಗ್ಸ್ ಎಸೆಯಿಸಿದೆ (ಇಲ್ಲಿ ಎದುರಾಳಿಗಳಲ್ಲಿ ಮೂವರು ಔಟಾದರೆ ಅವರ ಆ ಇನಿಂಗ್ಸ್‌ನ ಸರದಿ ಮುಗಿಯುತ್ತದೆ). ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಓವರ್ ಲೆಕ್ಕ. ನನ್ನ ಅಂದಾಜಿನ ತೊಂಬತ್ತು ಎಸೆತ ಅಂದರೆ ಹದಿನೈದು ಓವರ್. ಟೆಸ್ಟ್ ಪಂದ್ಯದ ಬೌಲರ್ ಒಂದು ದಿನಕ್ಕೆ ಅಷ್ಟು ಮಾಡುವುದು ಸುದ್ದಿಯೇ ಅಲ್ಲ, ಹುಡುಗನ ಮುಖದಲ್ಲೂ ದಣಿವು ಕಾಣುತ್ತಿರಲಿಲ್ಲ. ಸಾಲದ್ದಕ್ಕೆ, ಅವನನ್ನು ಪಿಚಿಂಗ್‌ನಿಂದ ಇಳಿಸಿದ ಮೇಲೆ, ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿ ಕೂರಿಸಿದೆ. ವಿಕೆಟ್‌ಕೀಪರ್‌ನಂತೆ ಅದು ಕೈಗೆ ವಿಶ್ರಾಂತಿ ಕೊಡುವ ಜಾಗವೆಂದು ಭಾವಿಸಿದ್ದೆ. ಕ್ಯಾಚರ್ ಪ್ರತಿ ಎಸೆತದ ನಂತರವೂ ಚೆಂಡನ್ನು ಪಿಚರ್‌ಗೆ ಹಿಂದಿರುಗಿಸಬೇಕು, ಬೇಸ್ ಕದಿಯಲು, ಅಂದರೆ ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡಿದವನನ್ನು ಹಿಡಿಯಲು ಶಕ್ತಿಮೀರಿ ಎಸೆಯಬೇಕು ಎಂಬುದು ಕಣ್ಣೆದುರೇ ಇದ್ದರೂ ಹೊಳೆಯಲಿಲ್ಲ. ಪಂದ್ಯ ಮುಗಿದ ಮೇಲೆ ಸ್ಕೋರರ್ ಆಗಿದ್ದ ಹಿರಿಯ ಮಹಿಳೆ ಏನೂ ಹೇಳದೆ ತಮ್ಮ ಹಾಳೆಯನ್ನು ನನ್ನ ಮುಂದೆ ಹಿಡಿದರು. ಪಿಚರ್‌ನ ಹೆಸರಿನೆದುರು 112 ಗುರುತುಗಳಿದ್ದವು. ಮುಂದಿನ ವಾರ ಹುಡುಗ ಮೊಣಕೈ ನೇರ ಮಾಡಲಾಗದೆ ಬಂದ. ಒಳಮಗ್ಗುಲಿನಲ್ಲಿ, ಎಲುಬು ಇನ್ನೂ ಬೆಳೆಯುತ್ತಿರುವ ಮೆದುಭಾಗಕ್ಕೆ ಪೆಟ್ಟಾಗಿದೆಯೆಂದು ವೈದ್ಯರು ಆರು ವಾರ ಚೆಂಡು ಮುಟ್ಟಬಾರದೆಂದರು. ಅವನು ಪೂರ್ತಿ ಗುಣವಾದ ಎಂಬುದು ಅವನ ಅದೃಷ್ಟ, ಅದರಲ್ಲಿ ನನ್ನ ಪಾಲೇನಿಲ್ಲ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಅಲ್ಲಿನ ರಾಷ್ಟ್ರೀಯ ಬೇಸ್‌ಬಾಲ್ ಸಂಸ್ಥೆ ಸೇರಿ 2014ರಲ್ಲಿ ಹೊರಡಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿ ಇದನ್ನು ನಿಖರವಾಗಿ ಹೇಳುತ್ತದೆ. ಒಂದು ದಿನಕ್ಕೆ ಹೆಚ್ಚೆಂದರೆ ಏಳು-ಎಂಟು ವರ್ಷದವರಿಗೆ 50 ಎಸೆತ, ಒಂಬತ್ತು-ಹತ್ತರವರಿಗೆ 75, ಹನ್ನೊಂದು-ಹನ್ನೆರಡರವರಿಗೆ 85, ಹದಿಮೂರು-ಹದಿನಾಲ್ಕರವರಿಗೆ 95. ಹದಿನಾಲ್ಕರವರೆಗಿನ ಮಗು 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ಬಿಡುವು, 21ರಿಂದ 35 ಎಸೆದರೂ ಒಂದು ದಿನ. ಪಿಚರ್ ಆದವನು ಪಿಚಿಂಗ್ ಇಲ್ಲದಿರುವಾಗ ಕ್ಯಾಚರ್ ಆಗುವುದನ್ನು ತಪ್ಪಿಸಬೇಕೆಂದೂ ಅದರಲ್ಲಿದೆ. ಇದು ಅತಿ ಎಚ್ಚರವೆಂದು ಮೂಗು ಮುರಿಯುವ ಕ್ರಿಕೆಟಿಗರನ್ನು ನಾನು ಕಂಡಿದ್ದೇನೆ. ಅವರಿಗೆ ನನ್ನ ಉತ್ತರ ಇಷ್ಟೇ: ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗೆ ಓಟದ ಬಲವಿದೆ, ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ, ಆದ್ದರಿಂದ ಅವನ ಮೈಯಲ್ಲಿ ಮೊದಲು ಸೋಲುವ ಜಾಗಗಳಲ್ಲಿ ಸೊಂಟದ ಬೆನ್ನೆಲುಬು ಮುಖ್ಯ. ಪಿಚರ್ ಮಣ್ಣದಿಬ್ಬದ ಮೇಲಿನ ರಬ್ಬರ್ ಪಟ್ಟಿಗೆ ಕಾಲೂರಿ ನಿಂತಲ್ಲಿಂದಲೇ ಮಡಿಸಿದ ತೋಳನ್ನು ಚಾಟಿಯಂತೆ ಬೀಸುತ್ತಾನೆ, ಇಡೀ ಭಾರ ಭುಜ ಮತ್ತು ಮೊಣಕೈಯ ಒಳಮಗ್ಗುಲಿಗೆ ಬೀಳುತ್ತದೆ. ಕ್ರಿಕೆಟ್‌ನಿಂದ ಬಂದ ಕೋಚ್ ಹುಡುಗನ ಬೆನ್ನು ನೋಡುತ್ತಿರುತ್ತಾನೆ, ಕೆಡುತ್ತಿರುವುದು ಮೊಣಕೈ.

ಬೆಳೆದವರ ಮೊಣಕೈಯೂ ಇದಕ್ಕೆ ಹೊರತಲ್ಲ. ಟಾಮಿ ಜಾನ್ ಎಂಬ ಪಿಚರ್‌ನ ಹರಿದ ಅಸ್ಥಿರಜ್ಜುವಿಗೆ 1974ರಲ್ಲಿ ಡಾ. ಫ್ರಾಂಕ್ ಜೋಬ್ ಇನ್ನೊಂದು ಕೈಯ ಸ್ನಾಯುರಜ್ಜು ಕಸಿ ಮಾಡಿದರು; ಆತ 1976ರಲ್ಲಿ ಆಟಕ್ಕೆ ಮರಳಿ 1989ರವರೆಗೆ ಎಸೆದರು. ಆ ಶಸ್ತ್ರಚಿಕಿತ್ಸೆಗೆ ಇಂದಿಗೂ ಅವರದೇ ಹೆಸರು. ಅದು ಹದಿಹರೆಯದ ಹುಡುಗರಿಗೂ ನಡೆಯುತ್ತಿರುವುದು ಆ ಆಟವನ್ನು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ.

ಲೇಖಕರು ತಮ್ಮ ವಾದಕ್ಕೆ ಬೆಂಬಲವಾಗಿ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು ಕ್ರಿಕೆಟಿಗರೆಂಬಂತೆ ಉಲ್ಲೇಖಿಸಿದ್ದಾರೆ. 2008ರಲ್ಲಿ ಭಾರತದಲ್ಲಿ ನಡೆದ ವೇಗದ ಎಸೆತದ ಸ್ಪರ್ಧೆಯಿಂದ ಆಯ್ಕೆಯಾಗಿ ಅಮೆರಿಕದ ಬೇಸ್‌ಬಾಲ್ ತಂಡವಾದ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡ ಆ ಇಬ್ಬರೂ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರು, ಕ್ರಿಕೆಟಿಗರಲ್ಲ. ಇಂದಿನ ಕ್ರಿಕೆಟ್ ಆಟಗಾರ ರಿಂಕು ಸಿಂಗ್ ಬೇರೆ. ಹೆಸರಿನ ಸಾಮ್ಯದಿಂದ ಈ ಗೊಂದಲ ಉಂಟಾಗಿರಬಹುದು. ಆದರೆ ಆ ಉದಾಹರಣೆ ಲೇಖಕರ ವಾದಕ್ಕಿಂತ ನನ್ನ ಮಾತಿಗೇ ಹೆಚ್ಚು ಹತ್ತಿರವಾಗಿದೆ.

ಓದಿ, ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವ ನಮ್ಮವರು ಅಲ್ಲಿನ ಬೇಸ್‌ಬಾಲ್ ಕ್ಲಬ್ ಸೇರಬಾರದೆಂದು ನಾನು ಹೇಳುತ್ತಿಲ್ಲ, ಸೇರಲೆಂದೇ ಈ ಪತ್ರ. ಯುರೋಪಿನಂಥ ಕಡೆ ಆಟ ಬೇಸಿಗೆಯದು, ಆದರೆ ತಂಡ ಕಟ್ಟುವ ಕೆಲಸ ಚಳಿಗಾಲದ ಒಳಾಂಗಣ ಅಭ್ಯಾಸದಲ್ಲೇ ನಡೆದುಹೋಗಿರುತ್ತದೆ. ಋತು ಆರಂಭವಾದ ಮೇಲೆ ಹೋದವರು ಬೆಂಚಿನಲ್ಲಿ ಕೂರಬೇಕಾಗುತ್ತದೆ. ಮೊದಲ ತಿಂಗಳು ಕ್ಲಬ್ಬಿನ ಹಳೆಯ ಗ್ಲೌಸ್ ಸಾಕು, ಹೊಸತನ್ನು ಪಳಗಿಸಲು ವಾರಗಟ್ಟಲೆ ಬೇಕು. ಮಕ್ಕಳ ತಂಡ ನೋಡಿಕೊಳ್ಳುತ್ತೀರಾ ಎಂದು ಕೇಳಿದರೆ, ಒಪ್ಪುವ ಮೊದಲು ಎಸೆತ ಎಣಿಸುವ ಪುಟ್ಟ ಯಂತ್ರವೊಂದನ್ನು ಕೇಳಿ ಪಡೆಯಿರಿ. ಅಂಪೈರ್‌ಗಳ ಕೈಯಲ್ಲಿರುವಂಥದೇ ಅದು, ಹೆಬ್ಬೆರಳಿನಿಂದ ಒತ್ತಿದರಾಯಿತು. ನನ್ನದು ಈಗಲೂ ಬಲ ಜೇಬಿನಲ್ಲಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹೊರದೇಶದಲ್ಲಿ ನೆಲೆಸಿರುವ ಓದುಗ